ಗುಡ್ಡದಂಚಿನ ಹಳೆಯ ಮನೆಗೊಂದು ಬಿಸಿಲುಕೋಣೆ

ಬೀದರ ಸೀಮೆಯ ಬೇಸಗೆಯನ್ನು ಬಲ್ಲವರ ಮುಂದೆ ಬಿಸಿಲಿಗಾಗಿಯೇ ಒಂದು ಕೋಣೆ ಕಟ್ಟಿಸುವ ಮಾತನ್ನೆತ್ತಿದರೆ ಅವರು ನಕ್ಕಾರು. ಮೇ ತಿಂಗಳಿನಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವ ಊರಿನಲ್ಲಿ ಬಿಸಿಲನ್ನು ಮನೆಯೊಳಕ್ಕೆ ಕರೆಯುವವರುಂಟೆ? ಆದರೆ ಇದೇ ಪ್ರಶ್ನೆಯನ್ನು ಡಿಸೆಂಬರಿನಲ್ಲಿ ಕೇಳಿ ನೋಡಬೇಕು. ಬೀದರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ದಿಣ್ಣೆಯ ಮೇಲಿದೆ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ಉಷ್ಣತೆ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಬೇಸಗೆಯಲ್ಲಿ ವರವಾಗಿದ್ದ ಹಳೆಯ ಮನೆಯ ದಪ್ಪ ಗೋಡೆ, ಚಿಕ್ಕ ಕಿಟಕಿಗಳು ಆಗ ಶಾಪವೆನಿಸುತ್ತವೆ. ಮನೆಯ ಹಿರಿಯರು ಹೊತ್ತು ಮೂಡಿದೊಡನೆ ಹೊರಗಿನ ಕಟ್ಟೆಗೆ ಬಂದು ಮೈ ಕಾಯಿಸಿಕೊಳ್ಳುತ್ತಾರೆ. ಬೀಸುವ ಕುಳಿರ್ಗಾಳಿಯಿಂದಾಗಿ ಅಲ್ಲಿಯೂ ನೆಮ್ಮದಿಯಿಲ್ಲ. ಬಿಸಿಲು ಬೀಳುವ, ಗಾಳಿ ತಾಕದ ಒಂದು ಗಾಜಿನ ಕೋಣೆಯನ್ನು ಮನೆಗೆ ಸೇರಿಸಿಕೊಳ್ಳಬೇಕೆಂಬ ಬಯಕೆ ಹುಟ್ಟುವುದು ಹೀಗೆ. ದಿಣ್ಣೆಯ ಅಂಚಿನಲ್ಲಿ ಮನೆಯಿದ್ದವರಿಗಂತೂ ಕಣಿವೆಯ ನೋಟವೂ ಜೊತೆಗೆ ದೊರೆಯುತ್ತದೆ.

ಈ ಬಯಕೆಯನ್ನು ಪೂರೈಸಿಕೊಳ್ಳಬಹುದು. ಆದರೆ ವಿಚಾರವಿಲ್ಲದೆ ಕಟ್ಟಿದ ಬಿಸಿಲುಕೋಣೆ ಬೇಸಗೆಯಲ್ಲಿ ಒಲೆಯಾದೀತು. ಮಳೆಗಾಲದಲ್ಲಿ, ತಲೆಮಾರುಗಳ ಕಾಲ ನಿಂತ ಹಳೆಯ ಗೋಡೆಯನ್ನೇ ಕೆಡವೀತು. ಗಾಜಿನ ಅಂಗಡಿಗೆ ಹೋಗುವ ಮೊದಲು ನೀರು, ನೆಲ, ಗೋಡೆ ಈ ಮೂರರ ಪರೀಕ್ಷೆ ಮುಗಿದಿರಬೇಕು. ಬಿಸಿಲಿನ ಸರದಿ ಬರುವುದು ಆಮೇಲೆ. ಈ ಕ್ರಮದಲ್ಲಿಯೇ ನಾವು ವಿಷಯವನ್ನು ಪರಿಶೀಲಿಸೋಣ.

ದಿಣ್ಣೆಯ ಹೊಟ್ಟೆಯಲ್ಲಿರುವ ನೀರು

ಬೀದರಿನ ದಿಣ್ಣೆಯ ಮೇಲುಪದರ ಜಂಬಿಟ್ಟಿಗೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲವನ್ನು ಮುಚ್ಚಿದ ಲಾವಾರಸವು ಕಪ್ಪುಕಲ್ಲಾಗಿ ಹೆಪ್ಪುಗಟ್ಟಿತು. ಆ ಕಲ್ಲು ಮಳೆ ಬಿಸಿಲುಗಳಿಗೆ ಸಿಕ್ಕಿ ಯುಗಯುಗಾಂತರಗಳಲ್ಲಿ ಕೊಳೆತು, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣದ ಅಂಶ ಹೆಚ್ಚಾಗಿ ಉಳಿದದ್ದೇ ಈ ಕೆಂಪುಕಲ್ಲು. ಹೊಸದಾಗಿ ಅಗೆದಾಗ ಇದು ಮೆತ್ತಗಿರುತ್ತದೆ. ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಇಟ್ಟಿಗೆಯಂತೆ ಕಡಿದು ಕಟ್ಟಲು ಬರುವುದರಿಂದಲೇ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಮಲಬಾರಿನ ಇಂಥ ಕಲ್ಲನ್ನು ವರ್ಣಿಸುತ್ತ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು.

ಮನೆ ಕಟ್ಟುವವರು ನೆನಪಿಡಬೇಕಾದ ಗುಣ ಮತ್ತೊಂದಿದೆ. ಜಂಬಿಟ್ಟಿಗೆಯ ಮೈತುಂಬ ಜೇನುಹುಟ್ಟಿನಂತೆ ತೂತುಗಳಿರುತ್ತವೆ. ಮೇಲೆ ಬಿದ್ದ ಮಳೆನೀರು ಅವುಗಳ ಮೂಲಕ ಕೆಳಕ್ಕಿಳಿಯುತ್ತ ಹೋಗಿ, ಅಡಿಯಲ್ಲಿರುವ ಜೇಡಿಯ ಪದರವನ್ನೋ ಕಪ್ಪುಕಲ್ಲನ್ನೋ ಮುಟ್ಟಿದಾಗ ತಡೆದು ನಿಲ್ಲುತ್ತದೆ. ಮುಂದಿನ ದಾರಿ ಕಾಣದೆ ಅಡ್ಡಕ್ಕೆ ಹರಿದು ದಿಣ್ಣೆಯ ಪಕ್ಕೆಯಲ್ಲಿ ಚಿಲುಮೆಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿ, ಪಾಪನಾಶ, ಗುರುನಾನಕ್ ಝೀರಾಗಳ ನೀರಿನ ಹಿಂದಿರುವ ಗುಟ್ಟು ಇದೇ. ಬಹಮನಿಗಳ ಕಾಲದಲ್ಲಿ ನೌಬಾದಿನ ಬಳಿ ಜಂಬಿಟ್ಟಿಗೆಯನ್ನು ಕೊರೆದು, ಅಲ್ಲಲ್ಲಿ ಗಾಳಿಬಾವಿಗಳನ್ನಿಟ್ಟು ನಿರ್ಮಿಸಿದ ಕರೇಜ್ ಎಂಬ ಸುರಂಗ ಕಾಲುವೆಯೂ ಈ ಒಳನೀರನ್ನೇ ಹಿಡಿದು ತರುವ ಉಪಾಯ.

ಯಾತ್ರಿಕನಿಗೆ ಪುಣ್ಯತೀರ್ಥವಾದ ಈ ನೀರು ಇಳಿಜಾರಿನ ಮನೆಯವನಿಗೆ ಎಚ್ಚರಿಕೆಯ ಗಂಟೆ. ವರ್ಷಕ್ಕೆ ಸರಾಸರಿ ಸುಮಾರು 850 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಆಗ ನೀರು ಮಾಳಿಗೆಯ ಮೇಲಿನಿಂದ ಬರುವಂತೆ ಗುಡ್ಡದ ಒಳಗಿನಿಂದಲೂ ಬರುತ್ತದೆ. ಬಿಸಿಲುಕೋಣೆಗೆ ಸಮತಟ್ಟು ಜಾಗ ಮಾಡಲು ಇಳಿಜಾರನ್ನು ಕಡಿದು ತಡೆಗೋಡೆ ಎತ್ತಿದರೆ, ಆ ನೀರಿನ ದಾರಿಗೆ ಅಡ್ಡಗಟ್ಟಿದಂತಾಗುತ್ತದೆ. ಗೋಡೆಯ ಹಿಂದೆ ಮೂರು ಅಡಿ ನೀರು ನಿಂತರೆ ಅದರ ನೂಕು ಗೋಡೆಯ ಪ್ರತಿ ಅಡಿ ಉದ್ದಕ್ಕೆ ಸುಮಾರು 125 ಕಿಲೋಗ್ರಾಂ ಭಾರದಷ್ಟು. ನೀರು ಆರು ಅಡಿಗೇರಿದರೆ ನೂಕು ಇಮ್ಮಡಿಯಾಗುವುದಿಲ್ಲ. ನಾಲ್ಮಡಿಯಾಗಿ ಸುಮಾರು 500 ಕಿಲೋಗ್ರಾಂ ಆಗುತ್ತದೆ. ಸುರಿಮಳೆಯಲ್ಲಿ ತಡೆಗೋಡೆಗಳು ಇದ್ದಕ್ಕಿದ್ದಂತೆ ಮಗುಚುವುದೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಇದಕ್ಕೆ ಮದ್ದು ಸುಲಭ: ಗೋಡೆಯ ಬೆನ್ನಿಗೆ ಜಲ್ಲಿ ತುಂಬಿಸಿ, ಬುಡದಲ್ಲಿ ನೀರು ಹೊರಹೋಗಲು ಸಾಲಾಗಿ ತೂತುಗಳನ್ನು ಬಿಡಬೇಕು. ಚೆಂದಕ್ಕೆಂದು ಆ ತೂತುಗಳನ್ನು ಸಿಮೆಂಟಿನಿಂದ ಮುಚ್ಚುವುದು ಮನೆಗೆ ಎಸಗುವ ಅಪಕಾರ.

ಹೊಸ ಕೋಣೆಯ ಚಾವಣಿಯ ನೀರನ್ನೂ ಮರೆಯಬಾರದು. ಹತ್ತು ಅಡಿಗೆ ಹನ್ನೆರಡು ಅಡಿಯ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 550 ಲೀಟರ್ ನೀರು ಕೂಡುತ್ತದೆ. ಅದು ಹಳೆಯ ಗೋಡೆಯ ಬುಡಕ್ಕೆ ಸುರಿದರೆ ಕಲ್ಲುಗಳ ನಡುವಿನ ಮಣ್ಣು ಕೆಸರಾಗುತ್ತದೆ. ದೋಣಿಕಟ್ಟಿ, ಕೊಳವೆಯಿಂದ ಇಳಿಸಿ, ಅದನ್ನು ಮನೆಯಿಂದ ದೂರ ಒಯ್ಯಬೇಕು.

ಕೆಂಪುನೆಲ, ಕಪ್ಪುನೆಲ

ಎರಡನೆಯ ಪ್ರಶ್ನೆ, ಹೊಸ ಕೋಣೆ ಯಾವುದರ ಮೇಲೆ ನಿಲ್ಲುತ್ತದೆ ಎಂಬುದು. ಬೀದರಿನ ಇಳಿಜಾರಿನ ಹಳೆಯ ಮನೆಗಳ ಮುಂದೆ ಕಾಣುವ ಸಮತಟ್ಟು ಅಂಗಳಗಳೆಲ್ಲ ಸಹಜ ನೆಲವಲ್ಲ. ಕಲ್ಲಿನ ಕಟ್ಟೆ ಕಟ್ಟಿ, ಒಳಗೆ ಮಣ್ಣು, ಒಡೆದ ಹೆಂಚು, ಬೂದಿ ತುಂಬಿ ಮಾಡಿದಂಥವೂ ಇರುತ್ತವೆ. ಇಂಥ ತುಂಬುಮಣ್ಣು ಜನರ ಓಡಾಟವನ್ನು ತಾಳುತ್ತದೆ. ಗೋಡೆಯ ಭಾರ ಬಿದ್ದರೆ ಕುಸಿಯುತ್ತದೆ. ಆದುದರಿಂದ ಮೊದಲು ಒಂದು ಗುಂಡಿ ತೋಡಿಸಿ, ಗಟ್ಟಿ ಜಂಬಿಟ್ಟಿಗೆ ಎಷ್ಟು ಆಳದಲ್ಲಿ ಸಿಗುತ್ತದೆಂದು ನೋಡಬೇಕು. ಗುಂಡಿಯನ್ನು ಹಳೆಯ ಗೋಡೆಗೆ ಅಂಟಿದಂತೆ ತೋಡಲಾಗದು. ಹಳೆಯ ಪಾಯಕ್ಕಿಂತ ಆಳವಾಗಿ ಅದರ ಪಕ್ಕದಲ್ಲೇ ಅಗೆದರೆ, ಪಾಯದ ಕೆಳಗಿನ ಮಣ್ಣು ಜಾರಿ ಗೋಡೆ ಆಧಾರ ತಪ್ಪುತ್ತದೆ.

ದಿಣ್ಣೆಯಿಂದಿಳಿದು ಭಾಲ್ಕಿಗೋ ಔರಾದಕ್ಕೋ ಹೋದರೆ ಕಥೆಯೇ ಬೇರೆ. ಅಲ್ಲಿ ಕಪ್ಪುಕಲ್ಲಿನ ಮೇಲೆ ಎರೆಮಣ್ಣು ಹಾಸಿದೆ. ಹತ್ತಿ, ಜೋಳ, ತೊಗರಿಗಳನ್ನು ಬೆಳೆಯುವ ರೈತನಿಗೆ ಈ ಮಣ್ಣು ತಾಯಿ. ಮನೆ ಕಟ್ಟುವ ಗೌಂಡಿಗೆ ವೈರಿ. ಎರೆಮಣ್ಣಿನಲ್ಲಿರುವ ಒಂದು ಬಗೆಯ ಜೇಡಿಯ ಕಣಗಳು ತೆಳುವಾದ ಹಾಳೆಗಳ ಕಟ್ಟಿನಂತಿವೆ. ಮಳೆಗಾಲದಲ್ಲಿ ನೀರು ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರಾರಿ ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಭಾರವಾದ ಹಳೆಯ ಮನೆಯನ್ನು ಈ ಉಬ್ಬು ಸುಲಭವಾಗಿ ಎತ್ತಲಾರದು. ಗಾಜು, ಮರ, ತಗಡುಗಳ ಹಗುರ ಕೋಣೆಯನ್ನಾದರೋ ಮಳೆಗಾಲದಲ್ಲಿ ಮೇಲೆತ್ತುತ್ತದೆ, ಬೇಸಗೆಯಲ್ಲಿ ಕೆಳಗಿಳಿಸುತ್ತದೆ. ಒಂದು ನಿಂತು ಒಂದು ಆಡಿದರೆ ಕೂಡಿದ ಕಡೆ ಬಿರುಕು ತಪ್ಪದು; ಗಾಜು ಸೀಳುವುದೂ ತಪ್ಪದು.

ಈ ತೊಂದರೆಗೆ ನಮ್ಮ ದೇಶದಲ್ಲಿಯೇ ಬೆಳೆದ ಪರಿಹಾರವಿದೆ. 1947ರಲ್ಲಿ ಸ್ಥಾಪನೆಗೊಂಡ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಭೂಮಿಗೆಂದು ಬುಡದಲ್ಲಿ ಗಡ್ಡೆಯಿರುವ ಕಾಂಕ್ರೀಟ್ ಕಂಬಗಳ ಪಾಯವನ್ನು ರೂಢಿಗೆ ತಂದಿತು. ಮಣ್ಣಿನ ಉಬ್ಬು ತಗ್ಗುಗಳು ಸಾಮಾನ್ಯವಾಗಿ ತಲುಪದ ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ಅಲ್ಲಿ ಕುಳಿಯನ್ನು ಅಗಲಿಸಿ ಕಾಂಕ್ರೀಟ್ ತುಂಬುತ್ತಾರೆ. ಈರುಳ್ಳಿಯ ಗಡ್ಡೆ ಮಣ್ಣಿನಲ್ಲಿ ಕಚ್ಚಿಕೊಂಡಂತೆ ಕಂಬ ಕಚ್ಚಿಕೊಂಡು ನಿಲ್ಲುತ್ತದೆ. ಕಂಬಗಳ ತಲೆಗೆ ತೊಲೆ ಹಾಕುವಾಗ ತೊಲೆಗೂ ಮಣ್ಣಿಗೂ ನಡುವೆ ಕೆಲವು ಅಂಗುಲ ಬರಿದು ಬಿಡುತ್ತಾರೆ. ಮಣ್ಣು ಉಬ್ಬಲು ಆ ತೆರಪು ಸಾಕು.

ಹಳೆಯ ಗೋಡೆಯ ಒಳಗುಟ್ಟು

ನೀರೂ ನೆಲವೂ ಒಪ್ಪಿದ ಮೇಲೆ ಹಳೆಯ ಗೋಡೆಯನ್ನು ಮಾತನಾಡಿಸಬೇಕು. ಎರಡು ಅಡಿ ದಪ್ಪದ ಕಲ್ಲುಗೋಡೆ ಒಂದೇ ಮೈಯೆಂದು ನೋಡಿದವರು ಭಾವಿಸುತ್ತಾರೆ. ಎಷ್ಟೋ ವೇಳೆ ಅದು ಎರಡು ತೆಳುಗೋಡೆಗಳ ಜೋಡಿ. ಹೊರಮುಖಕ್ಕೊಂದು, ಒಳಮುಖಕ್ಕೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡನ್ನೂ ಹೊಲಿಯುವ ಉದ್ದಗಲ್ಲುಗಳಿಲ್ಲದಿದ್ದರೆ ಅವು ಬೇರೆಬೇರೆಯಾಗಿ ಹೊಟ್ಟೆಬಿಡುತ್ತವೆ. ಮೇಲಿನ ಮಣ್ಣಿನ ಮಾಳಿಗೆಯೂ ಹಗುರವಲ್ಲ. ತೊಲೆ ಜಂತಿಗಳ ಮೇಲೆ ಒಂದು ಅಡಿ ಮಣ್ಣಿದ್ದರೆ ಪ್ರತಿ ಚದರ ಅಡಿಗೆ ಸುಮಾರು 50 ಕಿಲೋಗ್ರಾಂ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ತಲೆಯ ಮೇಲೆ ಆರು ಟನ್!

ಇಂಥ ಕಟ್ಟಡ ಅಲುಗಿದಾಗ ಏನಾಗುತ್ತದೆಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭಾಲ್ಕಿಯಿಂದ ಪಶ್ಚಿಮಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದ ಆಸುಪಾಸಿನಷ್ಟು ಜನ ಮಡಿದರು. ಕಂಪನದ ಪ್ರಮಾಣ 6.2, ಜಗತ್ತಿನ ದೊಡ್ಡ ಭೂಕಂಪಗಳ ಸಾಲಿಗೆ ಸೇರುವಂಥದಲ್ಲ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಬಿಚ್ಚಿಕೊಂಡು, ಭಾರವಾದ ಮಾಳಿಗೆಗಳು ಮಲಗಿದವರ ಮೇಲೆ ಬಿದ್ದುದೇ ಸಾವಿನ ಮುಖ್ಯ ಕಾರಣ.

ಬಿಸಿಲುಕೋಣೆಗೆ ದಾರಿ ಮಾಡಲು ಇಂಥ ಗೋಡೆಯಲ್ಲಿ ಎಂಟು ಹತ್ತು ಅಡಿ ಅಗಲದ ಕಂಡಿ ಕೊರೆಯುವುದೆಂದರೆ, ಭಾರ ಹೊತ್ತವನ ಒಂದು ಕಾಲನ್ನು ಕಡಿದಂತೆ. ಇದ್ದ ಬಾಗಿಲನ್ನೋ ಕಿಟಕಿಯನ್ನೋ ದಾರಿಯಾಗಿ ಬಳಸಿಕೊಳ್ಳುವುದು ಕ್ಷೇಮ. ಹೊಸ ಕೋಣೆಯ ಭಾರ ತನ್ನ ಕಂಬಗಳ ಮೇಲೆಯೇ ಇರಬೇಕು. ಹಳೆಯ ಗೋಡೆಗೆ ತೊಲೆ ಊರಬಾರದು. ಎರಡರ ನಡುವೆ ಒಂದು ಅಂಗುಲ ತೆರಪು ಬಿಟ್ಟು, ಮೇಲೆ ಮಡಿಸಿದ ತಗಡಿನ ಮುಚ್ಚಿಗೆ ಹಾಕಿದರೆ ಮಳೆ ಒಳಬಾರದು, ಎರಡೂ ತಮ್ಮಷ್ಟಕ್ಕೆ ಆಡಬಹುದು. ಹಳೆಯ ಗೋಡೆಗೆ ಸಿಮೆಂಟು ಬಳಿಯದೆ ಸುಣ್ಣದ ಗಾರೆಯನ್ನೇ ಬಳಿಯಬೇಕು. ಸಿಮೆಂಟಿನ ಚರ್ಮದೊಳಗೆ ಸಿಕ್ಕ ತೇವ ಆರಲಾರದೆ ಮಣ್ಣನ್ನು ತಿನ್ನುತ್ತದೆ.

ಬೀದರ ಪಟ್ಟಣದವರು ಮತ್ತೊಂದನ್ನು ಗಮನಿಸಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ 100 ಮೀಟರ್ ಸುತ್ತಳತೆಯಲ್ಲಿ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಕೋಟೆ, ಮದರಸಗಳ ಮಗ್ಗುಲಿನ ಮನೆಗಳವರು ಮೊದಲು ಅಳತೆಯ ಪಟ್ಟಿ ಹಿಡಿಯುವುದು ಒಳ್ಳೆಯದು.

ಗಾಜಿನ ಮಾಯೆ

ಇನ್ನು ಬಿಸಿಲಿಗೆ ಬರೋಣ. 1767ರಲ್ಲಿ ಜಿನೀವದ ವಿಜ್ಞಾನಿ ಸೊಸ್ಯೂರ್ ಒಳಗೆ ಕಪ್ಪು ಬಳಿದ ಪೆಟ್ಟಿಗೆಯೊಂದಕ್ಕೆ ಪದರಪದರವಾಗಿ ಗಾಜು ಮುಚ್ಚಿ ಬಿಸಿಲಿಗಿಟ್ಟನು. ಒಳಗಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನೂ ದಾಟಿತು! ಸೂರ್ಯಕಿರಣಗಳನ್ನು ಗಾಜು ಧಾರಾಳವಾಗಿ ಒಳಬಿಡುತ್ತದೆ. ಅವುಗಳಿಂದ ಕಾದ ನೆಲ ಗೋಡೆಗಳು ಹೊರಸೂಸುವ ಶಾಖಕಿರಣಗಳ ಅಲೆ ಉದ್ದವಾದದ್ದು. ಅದನ್ನು ಗಾಜು ತಡೆಯುತ್ತದೆ. ಹಾಗಾದರೆ ಗಾಜಿನ ಮನೆ ಬಿಸಿಯಾಗುವುದು ಇದೊಂದರಿಂದಲೇ ಏನು? 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನು ಒಂದು ಪೆಟ್ಟಿಗೆಗೂ ಗಾಜನ್ನು ಇನ್ನೊಂದಕ್ಕೂ ಮುಚ್ಚಿ ಹೋಲಿಸಿದನು. ಎರಡೂ ಹೆಚ್ಚುಕಡಮೆ ಒಂದೇ ಸಮನಾಗಿ ಕಾದವು. ಬಿಸಿಯಾದ ಗಾಳಿ ಮೇಲೇರಿ ಹೊರಹೋಗದಂತೆ ಕಟ್ಟಿಹಾಕುವುದೇ ಗಾಜಿನ ದೊಡ್ಡ ಕೆಲಸವೆಂದು ಅದರಿಂದ ತಿಳಿಯಿತು. ಇದು ನಮಗೆ ಶುಭವಾರ್ತೆ. ಮೇಲೊಂದು ಕಂಡಿ, ಕೆಳಗೊಂದು ಕಂಡಿ ತೆರೆದರೆ ಗಾಳಿಯ ಸೆರೆ ಬಿಡುತ್ತದೆ, ಕೋಣೆ ತಣಿಯತೊಡಗುತ್ತದೆ. ಹಳೆಯ ಮಾಳಿಗೆಯ ಬೆಳಕಿಂಡಿ ಬೆಳಕನ್ನು ತರುವುದರೊಡನೆ ಹೊಗೆ, ಬಿಸಿಗಾಳಿಗಳನ್ನು ಹೊರಹಾಕುತ್ತಿದ್ದುದು ಈ ತತ್ತ್ವದಿಂದಲೇ.

ಹಿರಿಯರ ಮೂಳೆಗೆ ಒಳ್ಳೆಯದೆಂದು ಬಿಸಿಲುಕೋಣೆ ಕಟ್ಟಿಸುವವರಿಗೆ ಒಂದು ಮಾತು. ನಮ್ಮ ಚರ್ಮದಲ್ಲಿ ‘ಡಿ’ ಜೀವಸತ್ತ್ವವನ್ನುಂಟುಮಾಡುವ ನೇರಳಾತೀತ ಕಿರಣಗಳನ್ನು ಸಾಮಾನ್ಯ ಕಿಟಕಿಗಾಜು ಒಳಬಿಡುವುದಿಲ್ಲ. ಗಾಜಿನ ಹಿಂದೆ ದಿನವಿಡೀ ಕುಳಿತರೂ ಬೆಚ್ಚಗಾಗುತ್ತದೆಯೇ ಹೊರತು ಆ ಲಾಭವಿಲ್ಲ. ಆದುದರಿಂದ ಪೂರ್ತಿ ತೆರೆಯಬಲ್ಲ ಬಾಗಿಲುಗಳೇ ಲೇಸು.

ಸೂರ್ಯನ ದಾರಿ

ಬೀದರಿನ ಅಕ್ಷಾಂಶ ಸುಮಾರು 17.9 ಡಿಗ್ರಿ ಉತ್ತರ. ಡಿಸೆಂಬರ್ 22ರ ನಡುಹಗಲಿನಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 48½ ಡಿಗ್ರಿ ಮೇಲಿರುತ್ತಾನೆ. ಮಾರ್ಚ್ 21ರಂದು 72 ಡಿಗ್ರಿ. ಮೇ ತಿಂಗಳ ಎರಡನೆಯ ವಾರದಲ್ಲಿ ನೆತ್ತಿಗೇ ಬರುತ್ತಾನೆ. ಆಗ ನಡುಹಗಲಿನಲ್ಲಿ ನೆಟ್ಟ ಕಂಬಕ್ಕೆ ನೆರಳಿಲ್ಲ. ಅಲ್ಲಿಂದ ಆಗಸ್ಟ್ ಮೊದಲ ದಿನಗಳವರೆಗೆ ಅವನು ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಭಾಲ್ಕಿ, ಔರಾದಗಳಿಗೂ ಈ ಲೆಕ್ಕ ಸಾಲುತ್ತದೆ. ಅಂತರ ಅರ್ಧ ಡಿಗ್ರಿಯೊಳಗೆ.

ಈ ಲೆಕ್ಕದಲ್ಲಿಯೇ ಬಿಸಿಲುಕೋಣೆಯ ಕೀಲಿಯಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿ ಕೋಣೆಯೊಳಗೆ ಇಣುಕುತ್ತಾನೆ. ಬೇಸಗೆಯಲ್ಲಿ ಮೇಲೇರಿ ಚಾವಣಿಯನ್ನು ಸುಡುತ್ತಾನೆ. ಆದುದರಿಂದ ಗಾಜು ದಕ್ಷಿಣದ ಗೋಡೆಗೆ ಇರಲಿ, ಚಾವಣಿಗೆ ಬೇಡ. ಬೀದರಿನವರು ಛಜ್ಜಾ ಎನ್ನುವ ಸೂರಿನ ಚಾಚನ್ನು ದಕ್ಷಿಣಕ್ಕೆ ಎರಡು ಅಡಿ ಬಿಟ್ಟರೆ, ಮಾರ್ಚ್ 21ರಂದು ಅದರ ನೆರಳು ಆರು ಅಡಿಗೂ ಕೆಳಗಿಳಿಯುತ್ತದೆ. ಅಂದಿನಿಂದ ಸೆಪ್ಟೆಂಬರ್ 23ರವರೆಗೆ ಆರು ಅಡಿ ಎತ್ತರದ ಗಾಜಿಗೆ ನೇರ ಬಿಸಿಲು ತಾಕದು. ಡಿಸೆಂಬರಿನ ನಡುಹಗಲಿನಲ್ಲಿ ಅದೇ ಛಜ್ಜಾದ ನೆರಳು ಎರಡೂಕಾಲು ಅಡಿ ಮಾತ್ರ. ಗಾಜಿನ ಐದರಲ್ಲಿ ಮೂರು ಪಾಲು ಬಿಸಿಲಿನಲ್ಲಿರುತ್ತದೆ. ಛಜ್ಜಾ ಗಾಜಿನ ಎರಡು ಪಕ್ಕಕ್ಕೂ ಎರಡು ಮೂರು ಅಡಿ ಚಾಚಿರಬೇಕು. ಇಲ್ಲವಾದರೆ ಓರೆಬಿಸಿಲು ನುಸುಳೀತು.

ಪಶ್ಚಿಮದ ಗಾಜಿಗೆ ಈ ಉಪಾಯ ನಡೆಯದು. ಏಪ್ರಿಲಿನ ಇಳಿಹೊತ್ತಿನಲ್ಲಿ, ನಡುಹಗಲು ಕಳೆದು ನಾಲ್ಕು ಗಂಟೆಯಾದಾಗ ಸೂರ್ಯನ ಎತ್ತರ ಸುಮಾರು 32 ಡಿಗ್ರಿ. ಆರು ಅಡಿ ಗಾಜನ್ನು ಮರೆಮಾಡಲು ಸುಮಾರು ಹತ್ತು ಅಡಿಯ ಛಜ್ಜಾ ಬೇಕಾದೀತು! ಆಕಾಶ ತಿಳಿಯಾಗಿದ್ದರೆ ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಪಶ್ಚಿಮದ ಗಾಜಿನಿಂದ ಆಗ ಎರಡೂವರೆ ಸಾವಿರ ವಾಟ್‌ಗೂ ಮಿಕ್ಕ ಶಾಖ ಒಳನುಗ್ಗುತ್ತದೆ. ದಿನದ ಅತಿ ಸೆಕೆಯ ಹೊತ್ತಿನಲ್ಲಿ ಕೋಣೆಯಲ್ಲಿ ಎರಡು ಮೂರು ವಿದ್ಯುತ್ ಒಲೆಗಳನ್ನು ಹೊತ್ತಿಸಿಟ್ಟಂತೆ. ಬೆವರಿ ತಣಿಯುವ ಶಕ್ತಿ ಕುಂದಿದ ವೃದ್ಧರಿಗೆ ಇದು ಪ್ರಾಣಾಪಾಯ.

ಇಲ್ಲಿ ನೋಟಕ್ಕೂ ಬಿಸಿಲಿಗೂ ಜಗಳ ಬರಬಹುದು. ಕೋಟೆಯ ಕಡೆ ದಿಣ್ಣೆ ಜಾರುವುದು ಉತ್ತರಕ್ಕೆ ಮತ್ತು ಪೂರ್ವಕ್ಕೆ. ಪೂರ್ವದ ಇಳಿಜಾರಿನವರು ಮುಂಜಾನೆಯ ಬಿಸಿಲನ್ನು ಪಡೆಯಬಹುದು. ಬೇಸಗೆಗೆ ಹೊರಗಡೆ ಬಿದಿರಿನ ತಟ್ಟಿ ಇಳಿಬಿಡಬೇಕು. ಉತ್ತರದ ಇಳಿಜಾರಿನಲ್ಲಿ ಚಳಿಗಾಲದ ಬಿಸಿಲೇ ಸಿಗದು. ಅಲ್ಲಿ ನೋಟಕ್ಕೊಂದು ಜಗಲಿ ಸಾಕು.

ಬಾಗಿಲು ಮಾಡುವ ಕೆಲಸ

ಲಡಾಖಿನಲ್ಲಿ ‘ಶೆಲ್ ಖಾಂಗ್’ ಎಂಬ ಗಾಜಿನ ಕೋಣೆ ಚಳಿಗಾಲದ ಜೀವಾಧಾರ. ಫ್ರಾನ್ಸಿನ ಓಡೆಯೋದಲ್ಲಿ ಫೆಲಿಕ್ಸ್ ಟ್ರೋಂಬ್ 1967ರಲ್ಲಿ ಗಾಜಿನ ಹಿಂದೆ ದಪ್ಪಗೋಡೆಯಿಟ್ಟು, ಹಗಲಿನ ಶಾಖವನ್ನು ರಾತ್ರಿಗೆ ಕೂಡಿಡುವ ಮನೆಯನ್ನು ತೋರಿಸಿದನು. ಬೀದರಿನ ಹಳೆಯ ಮನೆಗೆ ಆ ದಪ್ಪಗೋಡೆ ಆಗಲೇ ಇದೆ. ಒಂದು ಅಡಿಯ ಗೋಡೆಯನ್ನು ಹಾಯಲು ಶಾಖಕ್ಕೆ ಹತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ. ಹಗಲು ಕುಡಿದ ಬಿಸಿಲನ್ನು ಅದು ರಾತ್ರಿ ಕೊಡುತ್ತದೆ. ಆದರೆ ಲಡಾಖಿನಂತೆ ಇಲ್ಲಿ ಬಿಸಿಲು ಎಂಟು ತಿಂಗಳು ಬೇಕಾದದ್ದಲ್ಲ. ಎರಡು ಮೂರು ತಿಂಗಳು ಮಾತ್ರ. ಆದುದರಿಂದ ಹಳೆಯ ಮನೆಗೂ ಹೊಸ ಕೋಣೆಗೂ ನಡುವಿನ ಬಾಗಿಲನ್ನು ತೆಗೆದುಹಾಕಬಾರದು. ಚಳಿಗಾಲದ ಹಗಲಿನಲ್ಲಿ ಅದು ತೆರೆದಿರಲಿ. ಸಂಜೆಯಾದೊಡನೆ ಮುಚ್ಚಲಿ, ಏಕೆಂದರೆ ರಾತ್ರಿ ಗಾಜು ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಬೇಸಗೆಯ ಹಗಲಿನಲ್ಲಿ ಬಾಗಿಲು ಮುಚ್ಚಿ, ಹೊಸ ಕೋಣೆಯ ಮೇಲುಕಂಡಿ ಕೆಳಕಂಡಿಗಳನ್ನು ತೆರೆದಿಡಬೇಕು.

ಹಿಂದಿನವರು ಇದನ್ನು ಅರಿಯದವರಲ್ಲ. 1472ರ ಮಹಮೂದ್ ಗವಾನನ ಮದರಸದ ನಡುವಣ ಚೌಕ, ಭಾಲ್ಕಿ ಔರಾದಗಳ ಹಳೆಯ ವಾಡೆಗಳ ಅಂಗಳ, ಇವೇ ಅಂದಿನ ಬಿಸಿಲುಕೋಣೆಗಳು. ಚಳಿಯಲ್ಲಿ ಅಂಗಳದ ಬಿಸಿಲಿನ ಪಕ್ಕಕ್ಕೆ, ಸೆಕೆಯಲ್ಲಿ ನೆರಳಿನ ಪಕ್ಕಕ್ಕೆ ಚಾಪೆ ಸರಿಯುತ್ತಿತ್ತು. ನೀರು, ನೆಲ, ಗೋಡೆಗಳಲ್ಲಿ ಯಾವುದೊಂದು ಒಪ್ಪದಿದ್ದರೂ ಹೊಸ ಕೋಣೆಯ ಆಸೆ ಬಿಟ್ಟು, ದಕ್ಷಿಣಕ್ಕೆ ತೆರೆದ ಪಡಸಾಲೆಗೆ ಮಡಿಚುವ ಗಾಜಿನ ಬಾಗಿಲುಗಳನ್ನು ಹಾಕಿಸಿಕೊಳ್ಳುವುದು ಜಾಣತನ. ಅದರಿಂದ ಗುಡ್ಡ ಕಡಿಯುವ ಕೆಲಸವೂ ಇಲ್ಲ, ಗೋಡೆ ಕೊರೆಯುವ ಕೆಲಸವೂ ಇಲ್ಲ.

ಕಟ್ಟಿಸಲೇಬೇಕೆನ್ನುವವರು ಒಂದು ವರ್ಷ ಕಾದು ನೋಡಲಿ. ಮಳೆಗಾಲದಲ್ಲಿ ಅಂಗಳದ ಯಾವ ಮೂಲೆಯಲ್ಲಿ ನೀರು ಒಸರುತ್ತದೆ, ಬೇಸಗೆಯಲ್ಲಿ ನೆಲ ಎಲ್ಲಿ ಬಿರಿಯುತ್ತದೆ, ಗೋಡೆಯ ಬಿರುಕು ಬೆಳೆಯುತ್ತಿದೆಯೆ ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಲಿ. ಕೋಣೆ ಬರುವ ಜಾಗದಲ್ಲಿ ಮೂರು ಅಡಿಯ ಕೋಲನ್ನು ನೆಟ್ಟಗೆ ನೆಟ್ಟು ಅದರ ಅತಿ ಗಿಡ್ಡ ನೆರಳನ್ನು ಅಳೆಯಲಿ. ಗಡಿಯಾರದ ಹನ್ನೆರಡಕ್ಕೆ ಅಳೆಯಬಾರದು. ಭಾರತದ ಕಾಲವನ್ನು ಎಣಿಸುವ ರೇಖಾಂಶಕ್ಕಿಂತ ಬೀದರ ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿ ನಡುಹಗಲು ಸುಮಾರು ಇಪ್ಪತ್ತು ನಿಮಿಷ ತಡ. ಡಿಸೆಂಬರ್ 22ರಂದು ನೆರಳು ಸುಮಾರು 2 ಅಡಿ 8 ಅಂಗುಲ, ಮಾರ್ಚ್ 21ರಂದು ಸುಮಾರು 1 ಅಡಿ ಇರಬೇಕು. ನೆರಳು ತೋರುವುದು ಉತ್ತರ; ಅದರ ಎದುರು ದಿಕ್ಕೇ ಗಾಜಿನ ಗೋಡೆಯ ಮುಖ. ಖರ್ಚಿಲ್ಲದ ಈ ಒಂದು ವರ್ಷದ ಕೆಲಸ ಮುಗಿದ ಮೇಲೆ ಗೌಂಡಿಯನ್ನು ಕರೆಯಬಹುದು.